ಸಂಬಳವಿಲ್ಲದ ಉಂಬಳ

ಇದ್ದುದರಲ್ಲಿ ಒಣಗಿದ ಕಲ್ಲನ್ನು ಮೊದಲೇ ಹಿಡಿದು, ತಮ್ಮನ್ನು ತಾವೇ ಸಭಾಧ್ಯಕ್ಷರನ್ನಾಗಿ ಆರಿಸಿಕೊಂಡಿರುವ ನಮ್ಮ ನಿವೃತ್ತ ಮಾಸ್ತರರೇ, ಬೆಳಗ್ಗೆ ತಮ್ಮ ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗ ಕೊಟ್ಟು, ಒಂದೊಂದು ಲೋಟ ಮಜ್ಜಿಗೆ ಕುಡಿಸಿ, ಕತ್ತಿ ಹಿಡಿದು ದಾರಿ ತೋರಿಸಿದ ಗೌಡರೇ, ಬೆಂಗಳೂರಿನಿಂದ ಬಂದು ಇಲ್ಲಿಯವರೆಗೆ ಸಾಕ್ಸು ಬಿಚ್ಚುವ ಧೈರ್ಯ ಸಾಲದೆ ಕುಳಿತಿರುವ ಭಾವನವರೇ, ಎದುರಿಗೆ ಯಾರ ಮಾತಿಗೂ ಸೊಪ್ಪು ಹಾಕದೆ ಧುಮುಕುತ್ತಿರುವ ಬೆಣ್ಣೆಹೊಳೆ ಜಲಪಾತವೇ, ಹಾಗೂ ನನ್ನ ಎಡಗಾಲಿನ ಹರಡಿನ ಮೇಲೆ ಆಸೀನರಾಗಿರುವ ಇಂದಿನ ಸನ್ಮಾನಿತರೇ,

ಸನ್ಮಾನಿತರನ್ನು ಪರಿಚಯಿಸುವ ಅಗತ್ಯವೇ ಇಲ್ಲ ಎಂದು ಹೇಳಿ, ಆಮೇಲೆ ಮುಕ್ಕಾಲು ಗಂಟೆ ಪರಿಚಯಿಸುವುದು ನಮ್ಮ ಪದ್ಧತಿ. ಅದನ್ನು ಮುರಿಯುವಷ್ಟು ದೊಡ್ಡವನು ನಾನಲ್ಲ. ಶಿರಸಿ, ಸಿದ್ದಾಪುರದ ಕಡೆ ಇವರನ್ನು ಉಂಬಳ ಎನ್ನುತ್ತಾರೆ. ತೀರ್ಥಹಳ್ಳಿ, ಮೂಡಿಗೆರೆ ಕಡೆ ಹೋದರೆ ಇಂಬಳ. ಕೆರೆಯ ಜಿಗಣೆ ಇವರ ದಾಯಾದಿ. ಅವರದು ನೀರು, ಇವರದು ನೆಲ; ಆಸ್ತಿ ಎಂದೋ ಪಾಲಾಗಿದೆ. ವಿಜ್ಞಾನಿಗಳು ಇವರ ಮನೆತನಕ್ಕೆ ಹೀಮಡಿಪ್ಸ ಎಂದು ಹೆಸರಿಟ್ಟಿದ್ದಾರೆ. ಗ್ರೀಕಿನಲ್ಲಿ ಅದು ರಕ್ತ ಮತ್ತು ಬಾಯಾರಿಕೆ ಎರಡನ್ನೂ ಸೇರಿಸಿದ ಮಾತು. ಬಿರುದು ಅಂದರೆ ಹೀಗಿರಬೇಕು, ಒಂದೇ ಶಬ್ದದಲ್ಲಿ ಬಯೋಡಾಟಾ ಮುಗಿಯಿತು.

ಶ್ರೀ ಎನ್ನಬೇಕೋ ಶ್ರೀಮತಿ ಎನ್ನಬೇಕೋ ಎಂದು ನಮ್ಮ ಸಮಿತಿಯಲ್ಲಿ ದಾರಿಯುದ್ದಕ್ಕೂ ಚರ್ಚೆಯಾಯಿತು. ಒಂದೇ ಮೈಯಲ್ಲಿ ಗಂಡೂ ಹೌದು, ಹೆಣ್ಣೂ ಹೌದು ಎಂದು ಮಾಸ್ತರರು ತಿಳಿಸಿದ ಮೇಲೆ, ಅರ್ಧನಾರೀಶ್ವರನ ಎದುರು ವ್ಯಾಕರಣ ಯಾಕೆ ಎಂದು ಬಹುವಚನಕ್ಕೆ ಒಪ್ಪಿಕೊಂಡೆವು.

ಬಂಧುಗಳೇ, ಈ ನಾಡಿನಲ್ಲಿ ಸಂಬಳಕ್ಕೆ ದುಡಿಯುವವರಿದ್ದಾರೆ. ಸಂಬಳದ ಜೊತೆ ಗಿಂಬಳಕ್ಕೆ ದುಡಿಯುವವರೂ ಇದ್ದಾರೆ. ಹಿಂದೆ ರಾಜರು ಮೆಚ್ಚಿದವರಿಗೆ ಉಂಬಳಿ ಕೊಡುತ್ತಿದ್ದರು. ಸಂಬಳವಿಲ್ಲ, ಗಿಂಬಳವಿಲ್ಲ, ಉಂಬಳಿಯೂ ಇಲ್ಲ, ಆದರೂ ಮಳೆ ಬಿದ್ದ ದಿನದಿಂದ ಚಳಿ ಹುಟ್ಟುವವರೆಗೆ ಒಂದು ದಿನವೂ ರಜೆ ಹಾಕದೆ ಡ್ಯೂಟಿ ಮಾಡುವವರು ಉಂಬಳ ಒಬ್ಬರೇ. ರಾಜ್ಯೋತ್ಸವ ಪ್ರಶಸ್ತಿಗೆ ಇದುವರೆಗೆ ಅರ್ಜಿ ಹಾಕಿಲ್ಲ, ಯಾರಿಂದಲೂ ಶಿಫಾರಸು ಮಾಡಿಸಿಲ್ಲ. ಎಲೆಮರೆಯ ಕಾಯಿ ಎಂದು ಸನ್ಮಾನಗಳಲ್ಲಿ ಎಲ್ಲರನ್ನೂ ಹೊಗಳುತ್ತೇವೆ. ನಿಜವಾಗಿ ಎಲೆಯ ಮರೆಯಲ್ಲೇ ಇರುವವರನ್ನು ಹೊಗಳುವ ಭಾಗ್ಯ ನನಗೆ ಇವತ್ತು ಸಿಕ್ಕಿದೆ.

ಇವತ್ತಿನ ಸ್ವಾಗತವನ್ನೇ ನೋಡಿ. ಶಿರಸಿ–ಕುಮಟಾ ರಸ್ತೆಯಿಂದ ಒಳಕ್ಕೆ ತಿರುಗಿ, ಟಾರು ಮುಗಿದು, ಮಣ್ಣು ಮುಗಿದು, ಕೊನೆಗೆ ಗೌಡರ ಅಂಗಳವೇ ಗತಿಯಾದಲ್ಲಿ ಇಳಿದೆವು. ತೋಟದ ಸಂಕ ದಾಟಿ ಕಾನಿನೊಳಗೆ ಕಾಲಿಟ್ಟದ್ದೇ ತಡ, ಉದುರಿದೆಲೆಯ ದರಕಿನ ಮೇಲೆ ದಾರದೆಳೆಯಂಥ ಗಣ್ಯರು ಸಾಲಾಗಿ ಎದ್ದು ನಿಂತರು. ಎಷ್ಟೋ ವೇದಿಕೆಗಳಲ್ಲಿ ಮಾತಾಡಿದ್ದೇನೆ, ನನ್ನನ್ನು ನೋಡಿ ಸಭೆಯೇ ಎದ್ದು ನಿಂತದ್ದು ಇದೇ ಮೊದಲು. ಬಾಲ ಊರಿ, ತಲೆಯನ್ನು ಆ ಕಡೆ ಈ ಕಡೆ ಆಡಿಸಿ, ಗಾಳಿ ಮೂಸುವ ಹಾಗೆ ನಮ್ಮನ್ನು ಹುಡುಕಿದರು. ಐದು ಜೊತೆ ಕಣ್ಣು ಇವರಿಗೆ. ಆದರೂ ಕಣ್ಣಿಗಿಂತ ಹೆಚ್ಚು ನಂಬುವುದು ನಮ್ಮ ಹೆಜ್ಜೆಯ ಅದುರು, ಮೈಯ ಬಿಸಿ ಮತ್ತು ಏದುಸಿರು. ಏರು ಹತ್ತುವಾಗ ಭಾವ ಬಿಟ್ಟ ಉಸಿರಿಗೆ ಅರ್ಧ ಕಾಡೇ ಎಚ್ಚರವಾಗಿರಬೇಕು. ಸಾಲಿನಲ್ಲಿ ನಡೆಯುವಾಗ ಮೊದಲನೆಯವನು ಎಬ್ಬಿಸುತ್ತಾನೆ, ಎರಡನೆಯವನು ದಾರಿ ತೋರಿಸುತ್ತಾನೆ, ಮೂರನೆಯವನು ಕೊಡುತ್ತಾನೆ. ಮೂರನೆಯವರು ಭಾವ. ಸಿಟಿಯವರು ದಾರಿ ತಪ್ಪಬಾರದು ಎಂದು ನಡುವೆ ಬಿಟ್ಟದ್ದೇ ಹೊರತು ಇನ್ನಾವ ಉದ್ದೇಶವೂ ಇರಲಿಲ್ಲ.

ಹೊಳೆಯ ಗುಂಟ ನಡೆಯುವ ಸುಖವೇ ಬೇರೆ. ದಾರಿ ತಪ್ಪಿದರೂ ಹೊಳೆ ತಪ್ಪುವುದಿಲ್ಲ. ಎಡಕ್ಕೆ ಬೆತ್ತದ ಹಿಂಡು, ಬಲಕ್ಕೆ ನೀರು, ನಡುವೆ ಗೌಡರ ಬೆನ್ನು. ಮೂರು ಸಲ ನೀರು ದಾಟಿದೆವು; ಮೊದಲ ಸಲ ಬೂಟು ಕೈಯಲ್ಲಿ ಹಿಡಿದು, ಎರಡನೇ ಸಲ ಬೂಟು ಹಾಕಿಕೊಂಡೇ, ಮೂರನೇ ಸಲ ಕೂತುಕೊಂಡು. ಮೇಲೆ ಒಂದು ಗುಂಡಿ ಸಿಕ್ಕಿತು. ಅದರ ಹೆಸರನ್ನೂ ದಾರಿಯನ್ನೂ ಈ ಸಭೆಯಲ್ಲಿ ಹೇಳುವುದಿಲ್ಲ, ಹೇಳಿದರೆ ಮುಂದಿನ ಭಾನುವಾರ ಐವತ್ತು ಬೈಕು ಬರುತ್ತವೆ. ತಳದ ಕಲ್ಲು ಎಣಿಸುವಷ್ಟು ತಿಳಿ ನೀರು. ಎಷ್ಟು ಆಳ ಎಂದರೆ ಗೌಡರು, ‘ಇಳಿದವರು ಹೇಳಬೇಕು’ ಎಂದರು. ನಾವು ಇಳಿಯಲಿಲ್ಲ, ಭಾವನನ್ನು ಬಿಟ್ಟು ಉಳಿದವರು ದಡದಲ್ಲಿ ಕಾಲು ಬಿಟ್ಟು ಕೂತೆವು. ಬೆರಳುದ್ದದ ಮೀನುಗಳು ಬಂದು ಪಾದ ಕೆರೆಯತೊಡಗಿದವು. ಬೆಂಗಳೂರಿನ ಮಾಲಿನಲ್ಲಿ ಇದಕ್ಕೆ ಹಣ ಕೊಟ್ಟು ಟೋಕನ್ ಹಿಡಿದು ಕಾಯಬೇಕು ಎಂದು ಭಾವ ಮೊದಲ ಸಲ ನಕ್ಕರು. ಆ ನಗು ಮುಗಿಯುವ ಮುಂಚೆಯೇ ಸನ್ಮಾನಿತರ ಬಳಗದವರೊಬ್ಬರು ಅವರ ಕೊರಳಪಟ್ಟಿಯ ಬಳಿ ಕಾಣಿಸಿಕೊಂಡರು.

ಈಗ ನನ್ನ ಹರಡಿನ ಕಡೆ ಎಲ್ಲರೂ ನೋಡಬೇಕೆಂದು ವಿನಂತಿ. ಇವರು ಬಂದಾಗ ಬೆಂಕಿಕಡ್ಡಿಗಿಂತ ಸಣ್ಣ. ಬೂಟಿನ ಹಿಂಬದಿಯಿಂದ ಗೇಣು ಹಾಕುತ್ತ ಬಂದರು. ಮುಂದಿನ ಬಾಯಿ ಊರು, ಹಿಂದಿನ ಬುಡ ಎಳೆದುಕೋ, ಮತ್ತೆ ಚಾಚು. ಚೈನು ಕಳೆದುಕೊಂಡ ಸರ್ವೆಯವರು ಹೊಲ ಅಳೆಯುವ ಹಾಗೆ. ಸಾಕ್ಸಿನ ನೇಯ್ಗೆಯ ಒಂದು ತೂತನ್ನು ಪರೀಕ್ಷಿಸಿದರು, ಬೇಡವೆನಿಸಿತು, ಪಕ್ಕದ್ದಕ್ಕೆ ಹೋದರು, ಅಲ್ಲಿ ಮಾಯ. ಕಚ್ಚಿದ್ದು ನನಗೆ ತಿಳಿಯಲೇ ಇಲ್ಲ. ಮೂರು ದವಡೆ ಇಟ್ಟುಕೊಂಡೂ ಸದ್ದಿಲ್ಲದೆ ಕೆಲಸ ಮಾಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ನನಗಿರುವುದು ಎರಡೇ ದವಡೆ, ಅಷ್ಟಕ್ಕೇ ಈ ಭಾಷಣ. ಬಾಳೆಲೆಯಲ್ಲಿ ಕಟ್ಟಿ ತಂದ ಅವಲಕ್ಕಿ ಬಿಚ್ಚಿದಾಗ ಇವರು ಎಳ್ಳಿನ ಗಾತ್ರಕ್ಕೆ ಮುದುಡಿ ಕೂತಿದ್ದರು. ನಮ್ಮ ಊಟ ಮುಗಿಯುವ ಹೊತ್ತಿಗೆ ಕಡಲೆಕಾಳು. ಈಗ ನೇರಳೆ ಹಣ್ಣಿಗೆ ಹತ್ತಿರ, ಮೈಮೇಲೆ ಅದೇ ಹೊಳಪು. ಪಂಕ್ತಿಭೋಜನ ಎಂದರೆ ಇದೇ ಅಲ್ಲವೇ? ಸನ್ಮಾನಿತರಿಗೂ ನನಗೂ ಈಗ ರಕ್ತಸಂಬಂಧ. ಅದಕ್ಕೇ ಹೊಗಳಿಕೆಯಲ್ಲಿ ಸ್ವಜನ ಪಕ್ಷಪಾತ ಕಂಡರೆ ಮನ್ನಿಸಬೇಕು.

ಒಂದು ಅನ್ಯಾಯವನ್ನು ಈ ಸಭೆಯ ಗಮನಕ್ಕೆ ತರಲೇಬೇಕು. ಪ್ರಶಸ್ತಿಗಳೆಲ್ಲ ದಾಯಾದಿ ಜಿಗಣೆಯ ಪಾಲಾಗಿವೆ. ಸುಶ್ರುತ ಸಂಹಿತೆಯಲ್ಲಿ ಜಿಗಣೆಗೆ ಒಂದು ಅಧ್ಯಾಯವೇ ಇದೆ. ಹನ್ನೆರಡು ಬಗೆ ಎಂದು ಎಣಿಸಿ, ಆರು ವಿಷದವು, ಆರು ನಿರ್ವಿಷ ಎಂದು ವಿಂಗಡಿಸಿದ್ದಾರೆ. ಧನ್ವಂತರಿಯ ಮೂರ್ತಿಯ ಕೈಯಲ್ಲಿ ಜಿಗಣೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಣ ಜಿಗಣೆಯ ರಸದಲ್ಲಿದೆ ಎಂದು 1884ರಲ್ಲಿ ಜಾನ್ ಹೇಕ್ರಾಫ್ಟ್ ತೋರಿಸಿದಾಗಲೂ ಹೆಸರು ಬಂದದ್ದು ಜಿಗಣೆಗೆ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಜಿಗಣೆಯನ್ನು ವೈದ್ಯಕೀಯ ಸಾಧನವೆಂದು ಒಪ್ಪಿಕೊಂಡರು, ಸ್ಟೆತೊಸ್ಕೋಪಿನ ಸಾಲಿನಲ್ಲಿ. ಕಾಡಿನಲ್ಲಿ ಉಚಿತ ಶಿಬಿರ ನಡೆಸುವ ಉಂಬಳಕ್ಕೆ ಒಂದು ಪ್ರಮಾಣಪತ್ರವೂ ಇಲ್ಲ.

ಪೂರ್ತಿ ಇಲ್ಲವೆಂದರೆ ತಪ್ಪಾದೀತು. ಹೊರದೇಶದಲ್ಲಿ ಇವರ ಬಳಗಕ್ಕೆ ಮರ್ಯಾದೆ ಸಿಕ್ಕಿದೆ, ನಮ್ಮವರಿಗೆ ಯಾವಾಗಲೂ ಆಗುವ ಹಾಗೆ. ಕ್ಯಾಮೆರಾಕ್ಕೆ ಸಿಗದ ಪ್ರಾಣಿಗಳನ್ನು ಹುಡುಕಲು ವಿಜ್ಞಾನಿಗಳು ವಿಯೆಟ್ನಾಮಿನ ಕಾಡಿನಲ್ಲಿ ಉಂಬಳಗಳನ್ನು ಹೆಕ್ಕಿ, ಹೊಟ್ಟೆಯ ರಕ್ತದ ಡಿಎನ್‌ಎ ಓದಿದರು. ಅಪರೂಪದ ಪಟ್ಟೆಮೊಲ, ಕಾಡುಕುರಿ ಅದರಲ್ಲಿ ಸಿಕ್ಕವು. 2012ರಲ್ಲಿ ಅದು ಪ್ರಕಟವಾಯಿತು. ಅದಕ್ಕಿಂತ ಮಜಾ ಟಾಸ್ಮೇನಿಯಾದ್ದು. 2001ರಲ್ಲಿ ಅಲ್ಲೊಂದು ಮನೆ ದರೋಡೆಯಾದ ಜಾಗದಲ್ಲಿ ಪೊಲೀಸರಿಗೆ ಸಿಕ್ಕಿದ್ದು ರಕ್ತ ಕುಡಿದ ಒಂದು ಉಂಬಳ ಮಾತ್ರ. ಅದರ ಡಿಎನ್‌ಎ ಜೋಪಾನವಾಗಿಟ್ಟರು. ವರ್ಷಗಳ ನಂತರ ಬೇರೆ ಕೇಸಿನಲ್ಲಿ ಸಿಕ್ಕಿಬಿದ್ದವನಿಗೆ ಅದು ತಾಳೆಯಾಗಿ, 2009ರಲ್ಲಿ ಅವನು ತಪ್ಪೊಪ್ಪಿಕೊಂಡ. ತಿರುಗಿಬೀಳದ ಸಾಕ್ಷಿ! ಭಾವನವರು ಇವತ್ತು ಬೆಣ್ಣೆಹೊಳೆಗೆ ಬಂದೇ ಇಲ್ಲ ಎಂದು ಆಫೀಸಿನಲ್ಲಿ ಹೇಳಿದರೆ, ಅಲ್ಲಗಳೆಯಲು ಈ ಕಾಡಿನಲ್ಲಿ ಹನ್ನೊಂದು ಸಾಕ್ಷಿಗಳಿವೆ.

ಇತಿಹಾಸದ ಒಂದು ಮಾತು. ಇಲ್ಲೇ ಅಘನಾಶಿನಿಯ ಮೇಲೆ 116 ಮೀಟರು ಧುಮುಕುವ ಉಂಚಳ್ಳಿ ಜಲಪಾತವನ್ನು 1845ರಲ್ಲಿ ಲಷಿಂಗ್ಟನ್ ಎಂಬ ಕಲೆಕ್ಟರ್ ಸಾಹೇಬರು ಕಂಡುಹಿಡಿದರಂತೆ, ಅದಕ್ಕೆ ಲಷಿಂಗ್ಟನ್ ಫಾಲ್ಸ್ ಎಂದು ಹೆಸರಂತೆ. ಅದರ ಅಬ್ಬರಕ್ಕೆ ಕಿವಿ ಕೆಪ್ಪಾಗುತ್ತದೆ ಎಂದು ಕೆಪ್ಪಜೋಗ ಎನ್ನುತ್ತಿದ್ದ ಊರಿನವರಿಗೆ ಜಲಪಾತ ಕಾಣೆಯಾದದ್ದೇ ಗೊತ್ತಿರಲಿಲ್ಲ. ಇರಲಿ, ಜಲಪಾತವನ್ನು ಲಷಿಂಗ್ಟನ್ ಕಂಡುಹಿಡಿದರು ಎಂದೇ ಇಟ್ಟುಕೊಳ್ಳೋಣ. ಲಷಿಂಗ್ಟನ್ನರನ್ನು ಮೊದಲು ಕಂಡುಹಿಡಿದವರು ಯಾರು? ಸನ್ಮಾನಿತರ ಪೂರ್ವಜರೇ ಇರಬೇಕು. ಆ ಹೆಸರು ಮಾತ್ರ ಯಾವ ಗೆಜೆಟಿಯರಿಗೂ ಬೀಳಲಿಲ್ಲ.

ಈ ಬೆಣ್ಣೆಹೊಳೆ ಹೋಗಿ ಸೇರುವುದೂ ಅಘನಾಶಿನಿಯನ್ನೇ. ಶಿರಸಿಯ ಶಂಕರಹೊಂಡದ ಕಡೆಯಿಂದ ಹೊರಟು ತದಡಿಯಲ್ಲಿ ಸಮುದ್ರ ಸೇರುವವರೆಗೆ ಒಂದು ಅಣೆಕಟ್ಟೂ ಇಲ್ಲದ ಹೊಳೆ ಅದು. ಅದನ್ನು ವೇದಾವತಿಗೆ ತಿರುಗಿಸುತ್ತೇವೆ, ಬೇಡ್ತಿಯನ್ನು ವರದೆಗೆ ಸೇರಿಸುತ್ತೇವೆ ಎಂಬ ಯೋಜನೆಗಳು ಕಡತದಿಂದ ಆಗಾಗ ಎದ್ದು ಕೂರುತ್ತವೆ. ನಾವು ಮನವಿ ಕೊಡುತ್ತೇವೆ, ಸಮಾವೇಶ ಮಾಡುತ್ತೇವೆ. ಟೇಪು ಹಿಡಿದು ಅಳೆಯಲು ಬಂದವರ ಕಾಲನ್ನು ಮೊದಲು ಗೇಣು ಹಾಕಿ ಅಳೆಯುವವರು ಮಾತ್ರ ಇವರು.

ಇವರ ಮುಖ್ಯ ಸೇವೆಗೆ ಈಗ ಬರುತ್ತೇನೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಜನ ನುಗ್ಗಿ, ಸಂತೆಯ ಸಾಲಿನ ಹಾಗೆ ನಿಂತ ಚಿತ್ರ ನೀವು ನೋಡಿದ್ದೀರಿ. ಸರ್ಕಾರ ಚಾರಣಕ್ಕೆ ತಡೆ ಹಾಕಿತು, ಆಮೇಲೆ ಆನ್‌ಲೈನ್ ಬುಕಿಂಗ್ ತಂದಿತು. ಆ ನೂಕುನುಗ್ಗಲು ಜನವರಿಯಲ್ಲೇ ಯಾಕಾಯಿತು? ನೆಲ ಒಣಗಿತ್ತು, ಸನ್ಮಾನಿತರು ರಜೆಯಲ್ಲಿದ್ದರು. ಜುಲೈಯಲ್ಲಿ ಹೀಗಾಗುವುದಿಲ್ಲ. ಆಗ ಬುಕಿಂಗ್, ಗೇಟು, ಬ್ಯಾರಿಕೇಡು ಎಲ್ಲ ಇವರೇ. ಹೆಸರಾದ ಜಲಪಾತಗಳಿಗೆ ನಾವು ಮೆಟ್ಟಿಲು ಕಟ್ಟಿಸಿದೆವು, ಇಕ್ಕೆಲದ ದರಕು ಗುಡಿಸಿದೆವು, ಕಬ್ಬಿಣದ ರೇಲಿಂಗು ಹಾಕಿದೆವು. ಅಲ್ಲಿ ಈಗ ಉಂಬಳವಿಲ್ಲ, ಚಿಪ್ಸಿನ ಪೊಟ್ಟಣವಿದೆ. ಇಲ್ಲಿ ಉಂಬಳವಿದೆ, ಬೆಳಗ್ಗೆಯಿಂದ ನನಗೆ ಕಂಡದ್ದು ಒಂದೇ ಒಂದು ಪ್ಲಾಸ್ಟಿಕ್ ಬಾಟಲಿ, ಅದೂ ತೋಟದ ಅಂಚಿನಲ್ಲಿ. ಎಲ್ಲಿ ಹತ್ತು ನಿಮಿಷ ಕೂತು ರೀಲ್ಸ್ ಮಾಡಲು ಇವರು ಬಿಡುವುದಿಲ್ಲವೋ ಅಲ್ಲಿ ಕಾಡು ಉಳಿದಿದೆ. ಇದು ನನ್ನ ಖಚಿತ ಅಭಿಪ್ರಾಯ, ಅಧ್ಯಕ್ಷರು ತಲೆಯಾಡಿಸುತ್ತಿರುವುದನ್ನು ಸಮ್ಮತಿ ಎಂದು ತಿಳಿಯುತ್ತೇನೆ. ಅವರು ಕುತ್ತಿಗೆ ತುರಿಸಿಕೊಳ್ಳುತ್ತಿದ್ದರೂ ಸರಿಯೇ.

ಸನ್ಮಾನಿತರ ಮೇಲೆ ದೂರುಗಳಿಲ್ಲವೆಂದಲ್ಲ. ನೆತ್ತರು ಬೇಗ ನಿಲ್ಲುವುದಿಲ್ಲ, ತುರಿಕೆ ವಾರ ಬಿಡುವುದಿಲ್ಲ. ಆದರೆ ಉಣುಗಿನ ಅಪಕೀರ್ತಿಯನ್ನು ಇವರ ತಲೆಗೆ ಕಟ್ಟಬೇಡಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಇನ್ನು ಇವರಿಗೆ ನಾವು ಕೊಡುವ ಗೌರವವೇನು? ಕೋಲಿನ ತುದಿಗೆ ಉಪ್ಪಿನ ಗಂಟು, ಬೂಟಿಗೆ ಹೊಗೆಸೊಪ್ಪಿನ ನೀರು, ಮೇಲೆ ಗೌಡರ ಕವಳದ ರಸ. ಗೌಡರ ಗುರಿಯನ್ನು ನಾನು ಮೆಚ್ಚುತ್ತೇನೆ, ಆದರೂ ಕಚ್ಚಿಕೊಂಡವರ ಮೇಲೆ ಉಪ್ಪು ಸುರಿಯಬೇಡಿ. ಉಂಡದ್ದನ್ನು ಗಾಯದೊಳಕ್ಕೇ ಕಕ್ಕಿಯಾರು. ಉಗುರಿನಿಂದ ಬಾಯಿಯ ಬುಡವನ್ನು ಮೆಲ್ಲಗೆ ಸರಿಸಿದರೆ ಸಾಕು, ಮಾನವಂತರು, ಬಿಟ್ಟುಬಿಡುತ್ತಾರೆ. ಅದಕ್ಕೂ ಪುರುಸೊತ್ತು ಕೊಟ್ಟರೆ ಹೊಟ್ಟೆ ತುಂಬಿದ ಮೇಲೆ ತಾವಾಗಿಯೇ ಇಳಿದು ಹೋಗುತ್ತಾರೆ. ಇನ್ನೊಂದು ಅವಧಿ ಕೇಳುವುದಿಲ್ಲ.

ಈಗ ಸನ್ಮಾನ. ಶಾಲು ಹೊದಿಸೋಣವೆಂದರೆ ಭುಜವಿಲ್ಲ, ಮೈಸೂರು ಪೇಟಕ್ಕೆ ತಲೆ ಯಾವ ಕಡೆ ಎಂದು ಒಮ್ಮತವಿಲ್ಲ. ಹಣ್ಣಿನ ಬುಟ್ಟಿಯ ಬದಲು ನಾನೇ ಬಂದಿದ್ದೇನೆ. ಅಭಿನಂದನಾ ಪತ್ರಕ್ಕೆಂದು ಮಾಸ್ತರರು ತಂದ ನಿನ್ನೆಯ ಪತ್ರಿಕೆಯ ಚೂರನ್ನು… ಕ್ಷಮಿಸಿ, ಒಂದು ನಿಮಿಷ.

ಸನ್ಮಾನಿತರು ಇದೀಗ ವೇದಿಕೆಯಿಂದ ನಿರ್ಗಮಿಸಿದ್ದಾರೆ. ಬಂಡೆಯ ಬಿರುಕಿನಲ್ಲಿ ಉರುಳಿ ಹೋದರು. ಮರು ಭಾಷಣ ಮಾಡಲಿಲ್ಲ. ಪತ್ರಿಕೆಯ ಚೂರನ್ನು ನನ್ನ ಗಾಯಕ್ಕೇ ಅಂಟಿಸಿಕೊಳ್ಳುತ್ತಿದ್ದೇನೆ, ರಕ್ತ ನಿಲ್ಲಲು ಇನ್ನೂ ಹೊತ್ತಿದೆ.

ವಂದನಾರ್ಪಣೆ ಇರುವುದಿಲ್ಲ, ಮೋಡ ಕಟ್ಟುತ್ತಿದೆ. ಹೋಗುವಾಗ ತೋಟದ ಅಂಚಿನ ಆ ಬಾಟಲಿಯನ್ನು ಯಾರಾದರೂ ಎತ್ತಿಕೊಳ್ಳಿ. ಗೌಡರ ಅಂಗಳದಲ್ಲಿ ಕಾರು ಹತ್ತುವ ಮುಂಚೆ ಎಲ್ಲರೂ, ಮುಖ್ಯವಾಗಿ ಭಾವನವರು, ಸಾಕ್ಸು ಬಿಚ್ಚಿ, ಕೊಡವಿ, ಬಂದವರನ್ನು ಇಲ್ಲೇ ಬಿಟ್ಟು ಬನ್ನಿ. ಬೆಂಗಳೂರಿನಲ್ಲಿ ಅವರಿಗೆ ದರಕು ಸಿಗುವುದಿಲ್ಲ.