ಸಿಸ್ಟರಮ್ಮ ಆಗುವ ಬಗೆ

ನರ್ಸಿಂಗ್ ಓದಿನಲ್ಲಿ ಎಎನ್‌ಎಂಗೆ 2 ವರ್ಷ, ಜಿಎನ್‌ಎಂಗೆ 3, ಬಿ.ಎಸ್ಸಿ.ಗೆ 4. ನೆಂಟರಿಗೆ ಮಾತ್ರ ಮೂರೂ ಒಂದೇ, ‘ಸೂಜಿ ಓದು’. ಯಳಂದೂರು ಸೀಮೆಗೆ ಈ ಓದು ಹೊಸತೇನಲ್ಲ. ಆ ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಹುಡುಗಿಯರನ್ನೂ ದಾದಿಯರನ್ನಾಗಿ ತಯಾರು ಮಾಡಿದೆ.

ಮೊದಲ ವರ್ಷದ ಶತ್ರು ರೋಗವಲ್ಲ, ಹಾಸಿಗೆ. ಮನೆಯಲ್ಲಿ ಮಲಗೆದ್ದ ಚಾಪೆ ಸುತ್ತದ ಹುಡುಗಿ ಇಲ್ಲಿ ಬೆಡ್‌ಶೀಟಿನ ಮೂಲೆಯನ್ನು ಲಕೋಟೆಯಂತೆ ಮಡಿಸಬೇಕು, ಬಿಚ್ಚಬೇಕು, ಮತ್ತೆ ಮಡಿಸಬೇಕು. ಸುಕ್ಕೊಂದು ಕಂಡರೆ ಟ್ಯೂಟರ್ ಹುಬ್ಬಿನಲ್ಲಿ ನಾಲ್ಕು. ಕಾರಣ ಉಂಟು: ಮಗ್ಗುಲು ಬದಲಿಸಲಾಗದ ರೋಗಿಗೆ ಆ ಸುಕ್ಕೇ ಬೆನ್ನಹುಣ್ಣಿಗೆ ದಾರಿ. ಆಮೇಲೆ ದೀಪ ಹಿಡಿದು ನೈಟಿಂಗೇಲ್ ಪ್ರತಿಜ್ಞೆ. ಅವತ್ತು ಅಳುವುದು ಅಮ್ಮಂದಿರ ಪಾಳಿ.

ಪರೀಕ್ಷೆ, ಶುಶ್ರೂಷಾ ಪರಿಷತ್ತಿನ ನೋಂದಣಿ ಮುಗಿದರೆ ಕೆಲಸ. ಪುಸ್ತಕದ ಕೈಯಲ್ಲಿ ರಕ್ತನಾಳ ನೀಲಿ ಗೆರೆ. ವಾರ್ಡಿನ ಅಜ್ಜಿಯ ಕೈಯಲ್ಲಿ ಅದು ತಲೆಮರೆಸಿಕೊಂಡ ಆಸಾಮಿ. ಸೂಜಿ ನಡುಗುತ್ತಿರುವಾಗಲೇ ಅಜ್ಜಿಯ ವಿಚಾರಣೆ: “ಯಾವೂರವ್ವ? ಯಾರ ಮಗ್ಳು? ಡಾಕ್ಟ್ರು ಯಾವಾಗಾದಯ್ಯೆ?” ಉತ್ತರ ತೃಪ್ತಿಯಾದರೆ ಕೈ ಸಡಿಲ, ನಾಳವೂ ಪ್ರತ್ಯಕ್ಷ. ಇದು ಯಾವ ಪಠ್ಯದಲ್ಲೂ ಇಲ್ಲ.

ಹೊಸಬರು ಮಾದಪ್ಪನ ಜಾತ್ರೆಗೆ ರಜೆ ಕೇಳುವ ಮುನ್ನ ಡ್ಯೂಟಿ ಪಟ್ಟಿ ನೋಡುವುದು ಒಳ್ಳೆಯದು. ನೈಟ್ ಡ್ಯೂಟಿಗೆ ಅವರ ಹೆಸರು ಆಗಲೇ ಬಿದ್ದಿರುತ್ತದೆ.