ಹೊಸಪೇಟೆಯ ತಂಪು ಹವೆಯೂ ದ್ರಾಕ್ಷಾರಸವೂ

ತಂಪು ಹವೆಯ ನಾಡುಗಳ ದ್ರಾಕ್ಷಿ ತೋಟಗಳಲ್ಲಿ ಬೇಸಗೆ ಬಂತೆಂದರೆ ಊಟ ಮತ್ತು ವೈನಿನ ದಿನವೊಂದನ್ನು ಏರ್ಪಡಿಸುವ ಪದ್ಧತಿಯಿದ್ದು, ಅಂದು ಊರವರೂ ಪರವೂರವರೂ ಬಳ್ಳಿಯ ಸಾಲುಗಳ ನಡುವೆ ಮೇಜು ಹಾಕಿಸಿಕೊಂಡು, ಹುಲ್ಲಿನ ಮೇಲೆ ಕಾಲು ಚಾಚಿ, ಬಿಸಿಲು ಬಿದ್ದುದಕ್ಕಾಗಿ ಸೂರ್ಯನಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ನಿವಾಸಿಗೆ ಈ ವರ್ಣನೆಯಲ್ಲಿ ವೈನಿಗಿಂತಲೂ ವಿಚಿತ್ರವಾಗಿ ಕಾಣುವುದು ಆ ಕೃತಜ್ಞತೆ. ಮೇ ತಿಂಗಳಿನಲ್ಲಿ ಸೂರ್ಯನಿಗೆ ಕೈಮುಗಿದು ಧನ್ಯವಾದ ಹೇಳುವವನು ಸಿಕ್ಕಿದರೆ ಇಲ್ಲಿನ ಜನ ಅವನನ್ನು ನೆರಳಿಗೆ ಎಳೆದು ನೆತ್ತಿಗೆ ನೀರು ತಟ್ಟುತ್ತಾರೆ.

ಹಾಗೆಂದು ಈ ಸೀಮೆಗೂ ವೈನಿಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಕರ್ನಾಟಕ ಸರ್ಕಾರ 2007ರಲ್ಲಿ ಒಂದು ಕೈಯಿಂದ ಸಾರಾಯಿಯನ್ನು ನಿಷೇಧಿಸಿ, ಇನ್ನೊಂದು ಕೈಯಿಂದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೆ ತಂದಿತು. ರಾಜ್ಯದ ವೈನ್ ವಲಯಗಳನ್ನು ಹೆಸರಿಸುವಾಗ ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆಗಳ ಜೊತೆಗೆ ‘ಹಂಪಿ ಹಿಲ್ಸ್’ ಎಂಬುದೂ ಸೇರಿಕೊಂಡಿತು. ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ತಮ್ಮಿಬ್ಬರ ಹೆಸರುಗಳನ್ನೇ ಬೆಸೆದು ಕಟ್ಟಿದ ‘ಕೃಷ್ಮಾ ಎಸ್ಟೇಟ್ಸ್’ ಎಂಬ ತೋಟದಲ್ಲಿ ಕ್ಯಾಬರ್ನೆ ಸಾವಿನ್ಯೋನ್ ಎಂಬ ಕಪ್ಪು ತಳಿಯೂ ಸಾವಿನ್ಯೋನ್ ಬ್ಲಾಂಕ್ ಎಂಬ ಬಿಳಿ ತಳಿಯೂ ಬೆಳೆದು, ಹಂಪಿಯ ಹೆಸರು ಹೊತ್ತು ಸೀಸೆಗೆ ಇಳಿಯುತ್ತವೆ. ಈ ದಂಪತಿ ಏಳೂ ಖಂಡಗಳಲ್ಲಿ, ಅದು ಸಾಲದೆಂಬಂತೆ ಉತ್ತರ ಧ್ರುವದಲ್ಲಿಯೂ, ಮ್ಯಾರಥಾನ್ ಓಡಿದವರು ಎಂಬುದನ್ನು ಗಮನಿಸಿದರೆ, ಚಳಿಯ ಸಹವಾಸ ಸಾಕಾದ ಮೇಲೆಯೇ ಅವರು ಈ ಬಂಡೆಗಳ ನಾಡನ್ನು ಆರಿಸಿಕೊಂಡಿರಬೇಕೆಂಬ ಊಹೆಗೆ ಎಡೆಯುಂಟು.

ತಂಪು ಹವೆ ಎಂದರೆ ಎಷ್ಟು ತಂಪು ಎಂಬುದಕ್ಕೆ ಶಾಸ್ತ್ರದಲ್ಲಿ ಲೆಕ್ಕವಿದೆ. ಕ್ಯಾಲಿಫೋರ್ನಿಯಾದ ಅಮೆರೀನ್ ಮತ್ತು ವಿಂಕ್ಲರ್ ಎಂಬ ವಿದ್ವಾಂಸರು 1944ರಲ್ಲಿ ಬಳಕೆಗೆ ತಂದ ಈ ಪದ್ಧತಿಯಲ್ಲಿ, 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಳ್ಳಿ ಬೆಳೆಯುವುದಿಲ್ಲವೆಂಬ ಕಾರಣಕ್ಕೆ ದಿನದ ಸರಾಸರಿ ಉಷ್ಣತೆಯಿಂದ 10ನ್ನು ಕಳೆದು, ಉಳಿದುದನ್ನು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದಿನದಿನವೂ ಕೂಡಿಸುತ್ತಾ ಹೋಗುತ್ತಾರೆ; ಏಳು ತಿಂಗಳ ಮೊತ್ತ ಸುಮಾರು 1390ನ್ನು ದಾಟದಿದ್ದರೆ ಆ ಸ್ಥಳ ಐದು ವರ್ಗಗಳಲ್ಲಿ ಮೊದಲನೆಯದಾದ ಅತಿ ತಂಪಿನ ವರ್ಗಕ್ಕೆ ಸೇರುತ್ತದೆ. ಹೊಸಪೇಟೆಯ ಬೇಸಗೆಯ ಸರಾಸರಿಯನ್ನು ಉದಾರವಾಗಿ 32 ಡಿಗ್ರಿ ಎಂದು ಇಟ್ಟುಕೊಂಡರೂ ದಿನಕ್ಕೆ 22ರಂತೆ ಜಮೆಯಾಗಿ, ಏಪ್ರಿಲ್ 1ರಂದು ಖಾತೆ ತೆರೆದ ಊರು ಏಳು ತಿಂಗಳ ಪಡಿಯನ್ನು 64 ದಿನಗಳಲ್ಲಿ, ಅಂದರೆ ಜೂನ್ 3ರ ಸಂಜೆಯೊಳಗೆ ತೀರಿಸಿಬಿಡುತ್ತದೆ. ಇಷ್ಟು ಚುರುಕಾಗಿ ಮುಗಿಯುವ ಸರ್ಕಾರಿ ಗುರಿ ಈ ಭಾಗದಲ್ಲಿ ಬೇರೊಂದು ಇದ್ದಂತಿಲ್ಲ.

ಬಳ್ಳಿಯಾದರೂ ಈ ಲೆಕ್ಕಕ್ಕೆ ತಲೆಬಾಗುವುದಿಲ್ಲ. ಚಳಿನಾಡುಗಳಲ್ಲಿ ಚಳಿಗಾಲ ಬಂದಾಗ ದ್ರಾಕ್ಷಿ ತಾನಾಗಿ ನಿದ್ರೆಗೆ ಜಾರುತ್ತದೆ. ಇಲ್ಲಿ ಆ ಚಳಿಗಾಲವನ್ನು ರೈತ ಕತ್ತರಿಯಿಂದ ತಯಾರಿಸಬೇಕು. ಉತ್ತರ ಕರ್ನಾಟಕದ ಬೆಳೆಗಾರರು ಚಾಟ್ನಿ ಎಂದು ಕರೆಯುವ ಈ ಸವರುವಿಕೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ: ಕೊಯ್ಲಾದ ಮೇಲೆ ಏಪ್ರಿಲ್ ಸುಮಾರಿಗೆ ಕಡ್ಡಿ ಬಲಿಯಲೆಂದು ಒಮ್ಮೆ, ಮಳೆ ಹಿಂಜರಿದ ಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಣ್ಣು ಬಿಡಲೆಂದು ಇನ್ನೊಮ್ಮೆ. ಆದುದರಿಂದ ಬೇಸಗೆಯ ವೈನ್ ದಿನಕ್ಕೆಂದು ಮೇ ತಿಂಗಳಿನಲ್ಲಿ ತೋಟಕ್ಕೆ ಬಂದ ಅತಿಥಿಗೆ ತೂಗುವ ಗೊಂಚಲುಗಳ ಬದಲು, ಆಗತಾನೆ ಕ್ಷೌರ ಮುಗಿಸಿಕೊಂಡ ಬೋಳು ಕಾಂಡಗಳ ಮೇಲೆ ಎಳೆ ಚಿಗುರು ಕಾಣಿಸುತ್ತದೆ.

ಇಂಥ ದಿನವನ್ನು ಇಲ್ಲಿ ಎಲ್ಲಿ ನಡೆಸುವುದೆಂಬ ಜಾಗದ ಪ್ರಶ್ನೆ ಇನ್ನೂ ತೊಡಕಿನದು. ಹಂಪಿಯ ತೇರುಬೀದಿಯ ಸುತ್ತ ಮದ್ಯಮಾಂಸಗಳ ಮಾರಾಟವಿಲ್ಲ. ಕಂಪ್ಲಿಯ ಹೊಲಗಳಲ್ಲಿ ಕಾಲುವೆಯ ನೀರು, ಭತ್ತ, ಕಬ್ಬುಗಳು ಮೇಜು ಹಾಕಲು ಇಂಬು ಕೊಡುವುದಿಲ್ಲ. ಉಳಿದದ್ದು ಸಂಡೂರಿನ ಬೆಟ್ಟಸಾಲು. ಅಲ್ಲಿನ ರಾಮನದುರ್ಗಕ್ಕೆ, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮಿಗಿಲಾದ ಎತ್ತರದಲ್ಲಿರುವ ಬೆಟ್ಟದ ನೆತ್ತಿಗೆ, 19ನೆಯ ಶತಮಾನದಲ್ಲಿ ಬಳ್ಳಾರಿ ದಂಡಿನ ಬ್ರಿಟಿಷ್ ಸೈನಿಕರನ್ನು ಆರೋಗ್ಯ ಸುಧಾರಣೆಗೆಂದು ಕಳುಹಿಸುತ್ತಿದ್ದರು. ಆ ಸೈನಿಕರು ಅಲ್ಲಿ ಏನನ್ನು ಕುಡಿದು ಸುಧಾರಿಸಿಕೊಂಡರೆಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯವಾದ ವಿಷಯ. ವೈನ್ ಪರಿಣತರು ಒಳ್ಳೆಯ ಪಾನೀಯದಲ್ಲಿ ‘ಖನಿಜದ ಛಾಯೆ’ಯನ್ನು, ಅಂದರೆ ಒದ್ದೆ ಕಲ್ಲನ್ನೋ ಲೋಹವನ್ನೋ ನೆನಪಿಸುವ ರುಚಿಯನ್ನು, ಕಣ್ಣು ಮುಚ್ಚಿ ಹುಡುಕುತ್ತಾರಷ್ಟೆ, ಸಂಡೂರಿನಲ್ಲಿ ಆ ಶ್ರಮ ಬೇಕಿಲ್ಲ, ಅದಿರಿನ ಲಾರಿಯೊಂದು ಹಾದುಹೋಗುವವರೆಗೆ ಲೋಟವನ್ನು ತೆರೆದಿಟ್ಟರೆ ಕಬ್ಬಿಣ ಕಣ್ಣಿಗೇ ಕಾಣುತ್ತದೆ. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಗಾಂಧೀಜಿ ಹೇಳಿದ್ದರೆಂದು ಊರಿನವರು ಹೆಮ್ಮೆಯಿಂದ ಉಲ್ಲೇಖಿಸುವುದುಂಟು. ಅದು ಬೇಸಗೆಯಲ್ಲ, ಹೇಳಿದವರು ಪಾನಪ್ರಿಯರೂ ಅಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡ ಬಳಿಕ ಹೊಸಪೇಟೆ, ಹಂಪಿಗಳು ಅಲ್ಲಿಗೂ ಸಂಡೂರು, ಕಂಪ್ಲಿಗಳು ಬಳ್ಳಾರಿಗೂ ಸೇರಿರುವುದರಿಂದ, ಕೊಪ್ಪಳದ ಸೀಸೆಯನ್ನು ಹೊಸಪೇಟೆಯ ಸಂಘಟಕರು ಸಂಡೂರಿನಲ್ಲಿ ತೆರೆಯಬೇಕಾದರೆ ಮೂರು ಜಿಲ್ಲೆಗಳ ಅಬಕಾರಿ ಕಚೇರಿಗಳು ಒಂದೇ ದಿನ ಪ್ರಸನ್ನವಾಗಿರಬೇಕು.

ಇಷ್ಟೆಲ್ಲ ಅಡ್ಡಿಗಳ ನಡುವೆ ಸ್ಥಳೀಯರು ಎತ್ತುವ ಮುಖ್ಯ ಆಕ್ಷೇಪವೆಂದರೆ, ವೈನ್ ಪರದೇಶದ್ದು, ಮಂಡಕ್ಕಿ–ಮಿರ್ಚಿಯೇ ನಮ್ಮದು ಎಂಬುದು. ಇತಿಹಾಸ ಇದಕ್ಕೆ ಒಪ್ಪುವುದಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಪೇಟೆಯಲ್ಲಿ ಮಾರಾಟಕ್ಕಿದ್ದ ದ್ರಾಕ್ಷಿಯನ್ನು ಕಂಡು, ಒಂದು ಹಣಕ್ಕೆ ಮೂರು ಗೊಂಚಲು ಎಂದು ದರವನ್ನೂ ಬರೆದಿಟ್ಟಿದ್ದಾನೆ. ಹಣವೆಂದರೆ ಅಂದು ಚಲಾವಣೆಯಲ್ಲಿದ್ದ ಸಣ್ಣ ನಾಣ್ಯ. ಅದೇ ಹಣಕ್ಕೆ ಹತ್ತು ದಾಳಿಂಬೆ ಸಿಗುತ್ತಿದ್ದುದರಿಂದ ದ್ರಾಕ್ಷಿ ಆಗಲೂ ಕೊಂಚ ಠೀವಿಯ ಹಣ್ಣೇ ಆಗಿತ್ತೆನ್ನಬೇಕು. ಮೆಣಸಿನಕಾಯಿಯಾದರೋ ಅಮೆರಿಕ ಖಂಡದ ಬೆಳೆ. ಅದು ಪೋರ್ಚುಗೀಸರ ಹಡಗು ಹತ್ತಿ ಪಶ್ಚಿಮ ಕರಾವಳಿಗೆ ಆಗತಾನೆ ಕಾಲಿಡುತ್ತಿತ್ತು. ಶೇಂಗಾ, ಟೊಮೇಟೊ, ಆಲೂಗಡ್ಡೆಗಳೂ ಅದೇ ಖಂಡದವು. ರಾಯನ ಅರಮನೆಯಲ್ಲಿ ಖಾರವೆಂದರೆ ಕರಿಮೆಣಸು. ರೊಟ್ಟಿಯ ಜೋಳ, ಎಣ್ಣೆಗಾಯಿಯ ಬದನೆ, ಚಟ್ನಿಪುಡಿಯ ಗುರೆಳ್ಳು ಇವುಗಳನ್ನು ಬಿಟ್ಟರೆ ಇಂದಿನ ಹೊಸಪೇಟೆಯ ತಟ್ಟೆಯಲ್ಲಿ ದ್ರಾಕ್ಷಿಗಿಂತ ಕಿರಿಯರ ಸಂಖ್ಯೆ ಸಣ್ಣದಲ್ಲ, ಮತ್ತು ಆ ಕಿರಿಯರಲ್ಲೊಬ್ಬನಾದ ಮೆಣಸಿನಕಾಯಿಯೇ ಅತಿ ಜೋರಾಗಿ ಮಣ್ಣಿನ ಮಗನೆನಿಸಿಕೊಂಡಿದ್ದಾನೆ.

ವೈನನ್ನೂ ಮಿರ್ಚಿಯನ್ನೂ ಒಂದೇ ಮೇಜಿನ ಮೇಲೆ ಕೂರಿಸಿದರೆ ಏನಾಗುತ್ತದೆಂಬುದು ನಿಜವಾದ ಪರೀಕ್ಷೆ. ಸಂಜೆಯ ಗಾಡಿಯಲ್ಲಿ ಉದ್ದನೆಯ ಹಸಿಮೆಣಸಿನಕಾಯಿಯ ಹೊಟ್ಟೆ ಸೀಳಿ, ಓಂಕಾಳು ಬೆರೆಸಿದ ಕಡಲೆಹಿಟ್ಟಿನಲ್ಲಿ ಅದ್ದಿ, ತೊಟ್ಟು ಹಿಡಿದು ಎಣ್ಣೆಗೆ ಜಾರಿಸುತ್ತಾರೆ. ಪಕ್ಕದಲ್ಲಿ ನೀರಿನಲ್ಲಿ ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಅರಿಸಿನದ ಒಗ್ಗರಣೆ ಬಿದ್ದು, ಮೇಲೆ ಪುಟಾಣಿ ಹಿಟ್ಟು ಉದುರುತ್ತದೆ. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ದ್ರವ್ಯ ನೀರಿನಲ್ಲಿ ಕರಗದು. ಮದ್ಯಸಾರ ಸೋಕಿದರೆ ಉರಿ ಇಳಿಯುವುದಕ್ಕೆ ಬದಲು ಏರುತ್ತದೆ. ಕೆಂಪು ವೈನಿನ ಟ್ಯಾನಿನ್, ಅಂದರೆ ಸಿಪ್ಪೆ ಬೀಜಗಳಿಂದ ಬರುವ ಒಗರು, ಆ ಉರಿಗೆ ಚಾಮರ ಬೀಸುತ್ತದೆ. ಮೇಲಾಗಿ ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕೊಡಬೇಕೆಂಬ ನಿಯಮವೊಂದಿದ್ದು, ಆ ಕೋಣೆ 16ರಿಂದ 18 ಡಿಗ್ರಿಯ ಯುರೋಪಿನದೇ ಹೊರತು ಮೇ ತಿಂಗಳ ಹೊಸಪೇಟೆಯದಲ್ಲ, ಇಲ್ಲಿ ನಿಯಮ ಪಾಲಿಸಿದರೆ ಅತಿಥಿಯ ಕೈಗೆ ಸಿಗುವುದು ಕಷಾಯ. ಮಿರ್ಚಿಯ ಜೊತೆಗೆ ಬಾಳಬಲ್ಲದ್ದು ತಣ್ಣಗಿನ, ಸಿಹಿಯುಳ್ಳ, ಮದ್ಯಸಾರ ಕಡಿಮೆಯಿರುವ ಬಿಳಿ ವೈನ್ ಮಾತ್ರ. ಮದ್ಯಸಾರವನ್ನು ಇನ್ನಷ್ಟು ಕಡಿಮೆ ಮಾಡುತ್ತಾ ಹೋದರೆ ಶುಂಠಿ, ನಿಂಬೆ ಹಿಂಡಿದ ಕಬ್ಬಿನ ಹಾಲಿನಲ್ಲಿ ಬಂದು ನಿಲ್ಲುತ್ತೇವೆ, ಮತ್ತು ಅದರ ಗಾಣ ಮಿರ್ಚಿಯ ಗಾಡಿಯ ಪಕ್ಕದಲ್ಲೇ ಗೆಜ್ಜೆ ಕುಣಿಸುತ್ತಾ ತಿರುಗುತ್ತಿರುತ್ತದೆ.

ಇಷ್ಟಾದರೂ ಉತ್ಸವ ನಡೆಯಲೇಬೇಕೆಂದು ಹಟ ಹಿಡಿಯುವ ಸಂಘಟಕರು ಆಮಂತ್ರಣ ಪತ್ರಿಕೆಯನ್ನು ಕೊಂಚ ತಿದ್ದಬೇಕಾಗುತ್ತದೆ. ಬಳ್ಳಿಯಲ್ಲಿ ಹಣ್ಣು ಕಾಣಬೇಕಾದರೆ ಜನವರಿ, ಫೆಬ್ರವರಿಗೆ ಮುಂದೂಡಬೇಕಾಗುವುದರಿಂದ ‘ಬೇಸಗೆ’ ಹೋಗುತ್ತದೆ. ವಿಂಕ್ಲರನ ಲೆಕ್ಕದಿಂದ ‘ತಂಪು ಹವೆ’ ಹೋಗುತ್ತದೆ. ಹಂಪಿಯ ವಿರೂಪಾಕ್ಷನ ಸನ್ನಿಧಿಯ ಹತ್ತಿರ ಬೇಕೆಂದರೆ ‘ವೈನ್’ ಹೋಗುತ್ತದೆ. ಉಳಿಯುವುವು ‘ಊಟ’ ಮತ್ತು ‘ದಿನ’ ಎರಡೇ ಆಗಿದ್ದು, ಅವುಗಳಲ್ಲಿ ದಿನವನ್ನು ಸಂಜೆ ಆರರ ಮೇಲೆ ಆರಂಭಿಸುವುದು ಕ್ಷೇಮ.