ಆಕ್ಟೇನ್ ನಿರ್ಣಯಸಿಂಧು: ಹಳೆಯ ಕಾರಿಗೆ ಯೋಗ್ಯ ಪೆಟ್ರೋಲ್ ಯಾವುದೆಂಬ ಶಾಸ್ತ್ರವಿಚಾರ

1. ಪೀಠಿಕೆ

ಕನ್ನಡ ವಿದ್ವಲ್ಲೋಕ ಇದುವರೆಗೆ ಹಲ್ಮಿಡಿ ಶಾಸನದ ಕಾಲ ಯಾವುದು, ವಡ್ಡಾರಾಧನೆ ಬರೆದವರು ಯಾರು ಎಂಬಂತಹ ಸುಲಭದ ಪ್ರಶ್ನೆಗಳಲ್ಲೇ ತೃಪ್ತಿಪಟ್ಟುಕೊಂಡಿದೆ. “ಪವರ್ ಹಾಕ್ಲಾ ಸಾರ್, ನಾರ್ಮಲ್ಲಾ?” ಎಂಬ ಪ್ರಶ್ನೆ ನಾಡಿನ ಬಂಕುಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮೊಳಗುತ್ತಿದ್ದರೂ ಅದಕ್ಕೊಂದು ಭಾಷ್ಯ, ಹೋಗಲಿ, ಒಂದು ಟಿಪ್ಪಣಿಯೂ ಬಂದಿಲ್ಲ. ಕಾರಣ ಸ್ಪಷ್ಟ. ಹಿಂದೆ ನಿಂತ ಸ್ಕೂಟರಿನವನು ಹಾರ್ನ್ ಒತ್ತುವುದರೊಳಗೆ ಉತ್ತರ ಹೇಳಬೇಕು. ಇಷ್ಟು ಕಡಿಮೆ ಅವಧಿಯಲ್ಲಿ ಮಾತು ಮುಗಿಸಿದ ವಿದ್ವಾಂಸರು ನಮ್ಮ ಯಾವ ವಿಚಾರ ಸಂಕಿರಣದಲ್ಲೂ ಕಂಡುಬಂದಿಲ್ಲ.

ಪ್ರಕೃತ ಪ್ರಬಂಧದ ವ್ಯಾಪ್ತಿ ‘ಹಳೆಯ ಕಾರು’ಗಳಿಗೆ ಸೀಮಿತ. ಇದರ ಲಕ್ಷಣಗಳು ನಾಲ್ಕು: ಕಾರ್ಬೊರೇಟರ್ ಇರತಕ್ಕದ್ದು, ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯದೆ ಏಳದಿರತಕ್ಕದ್ದು, ಮಾರಿಬಿಡಿ ಎಂದು ಮನೆಯವರು ವರ್ಷಕ್ಕೊಮ್ಮೆಯಾದರೂ ಹೇಳತಕ್ಕದ್ದು, ಯಜಮಾನರು ಆ ಮಾತು ಕಿವಿಗೆ ಬೀಳದವರಂತೆ ಪೇಪರ್ ಮಗುಚತಕ್ಕದ್ದು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ಅವತರಿಸಿದ ಮಾರುತಿ 800ರ ಮೊದಲ ತಲೆಮಾರುಗಳು ಇಲ್ಲಿನ ಮುಖ್ಯ ಅಧ್ಯಯನ ವಸ್ತು. ನಾಲ್ಕನೆಯ ಲಕ್ಷಣವೊಂದೇ ಇದ್ದರೂ ಸಾಕೆಂಬ ಪಕ್ಷವೂ ಉಂಟು.

2. ಆಕರ ವಿಮರ್ಶೆ

ಪ್ರಥಮ ಆಕರ ಟ್ಯಾಂಕ್ ಮುಚ್ಚಳದ ಶಾಸನ. ಇದು ಸಾಮಾನ್ಯವಾಗಿ ಅಂಟುಕಾಗದದ ಮೇಲೆ ಇಂಗ್ಲಿಷ್ ಲಿಪಿಯಲ್ಲಿ ಇರುತ್ತದೆ. ಎರಡನೆಯ ಸಾಲು ಬಹುತೇಕ ಪ್ರತಿಗಳಲ್ಲಿ ತ್ರುಟಿತ. ಉಳಿದ ಅಕ್ಷರಗಳಿಂದ ‘ಸೀಸರಹಿತ ಪೆಟ್ರೋಲ್ ಮಾತ್ರ’ ಎಂಬ ಅರ್ಥ ಹೊರಡುತ್ತದೆ. ಶಾಸನದ ಕೊನೆಯಲ್ಲಿ ವಾಡಿಕೆಯಂತೆ ಬರಬೇಕಾದ ಶಾಪಾಶಯ ಇಲ್ಲದಿರುವುದು ಗಮನಾರ್ಹ. ಅದು ವಾರಂಟಿ ಕಾರ್ಡಿನಲ್ಲಿ ಇದ್ದಿರಬೇಕು.

ಎರಡನೆಯದು ಗ್ಲವ್ ಬಾಕ್ಸಿನಲ್ಲಿ ದೊರೆಯುವ ಕೈಪಿಡಿ. ಜಿರಳೆಗಳು ಅದರಲ್ಲಿ ಇಂಧನದ ಅಧ್ಯಾಯವನ್ನೇ ಆರಿಸಿ ತಿಂದಿರುವುದು ಕಾಕತಾಳೀಯವಲ್ಲವೆಂದು ಪ್ರಬಂಧಕಾರನ ಗುಮಾನಿ.

ಮೂರನೆಯದು ಮತ್ತು ಎಲ್ಲಕ್ಕಿಂತ ಪ್ರಬಲವಾದದ್ದು ಮೆಕ್ಯಾನಿಕ್ ಮೇಸ್ತ್ರಿಯ ಮೌಖಿಕ ಪರಂಪರೆ. “ನೀವು ಓದಿರೋದೆಲ್ಲ ಇರ್ಲಿ ಸಾರ್, ಬಂಡಿ ಏನ್ ಹೇಳ್ತೈತೆ ಕೇಳಿ” ಎಂಬುದು ಈ ಪರಂಪರೆಯ ಮಹಾವಾಕ್ಯ. ಪ್ರತ್ಯಕ್ಷ ಪ್ರಮಾಣದ ಎದುರು ಗ್ರಂಥ ಪ್ರಮಾಣ ದುರ್ಬಲವೆಂಬ ಸೂಕ್ಷ್ಮವನ್ನು ಇಷ್ಟು ಅಗ್ಗದಲ್ಲಿ ಬೇರಾರೂ ಬೋಧಿಸಿಲ್ಲ. ಅಗ್ಗವೆಂಬುದು ಬೋಧನೆಗೆ ಮಾತ್ರ ಅನ್ವಯ, ಬಿಲ್ಲಿಗಲ್ಲ.

3. ಪೂರ್ವಸೂರಿಗಳು

ಆಕ್ಟೇನ್ ಮಾನವನ್ನು 1926ರ ಸುಮಾರಿಗೆ ರೂಪಿಸಿದವನು ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್. ಆತ ಎರಡು ದ್ರವಗಳನ್ನು ಎರಡು ತುದಿಗೆ ಇಟ್ಟ. ಐಸೊಆಕ್ಟೇನ್‌ಗೆ 100, ಹೆಪ್ಟೇನ್‌ಗೆ 0. ಇವೆರಡನ್ನು 95ಕ್ಕೆ 5ರಂತೆ ಬೆರೆಸಿದ ಮಿಶ್ರಣ ಎಂಜಿನ್ನಿನಲ್ಲಿ ಹೇಗೆ ವರ್ತಿಸುವುದೋ ಹಾಗೆಯೇ ವರ್ತಿಸುವ ಪೆಟ್ರೋಲ್ 95 ಆಕ್ಟೇನಿನದು. ಪರೀಕ್ಷೆಗೆ ಒಂದೇ ಸಿಲಿಂಡರಿನ ವಿಶೇಷ ಎಂಜಿನ್ ಉಂಟು. ಅದರ ಕಂಪ್ರೆಷನ್ನನ್ನು ಓಡುತ್ತಿರುವಾಗಲೇ ಏರಿಸಬಹುದು, ಇಳಿಸಬಹುದು.

ಆಕ್ಟೇನ್ ಅಳೆಯುವುದು ಬಲವನ್ನಲ್ಲ, ಸಹನೆಯನ್ನು. ಪಿಸ್ಟನ್ ಒತ್ತಿದಾಗ ಪೆಟ್ರೋಲಿನ ಆವಿ ಕಾಯುತ್ತದೆ. ಕಿಡಿ ಹತ್ತಿ ಜ್ವಾಲೆ ತನ್ನ ಬಳಿಗೆ ಬರುವ ತನಕ ಆ ಬಿಸಿಯನ್ನೂ ಒತ್ತಡವನ್ನೂ ತಾಳಿಕೊಂಡಿರಬೇಕು. ಮದುವೆ ಊಟದ ಪಂಕ್ತಿಯಲ್ಲಿ ಉಪ್ಪು ಬಡಿಸುತ್ತಿದ್ದಂತೆ ಎಲೆಗೆ ಕೈಹಾಕುವವನು ಹೆಪ್ಟೇನ್. ಅನ್ನಕ್ಕೆ ತುಪ್ಪ ಬಿದ್ದು ಹಿರಿಯರು ಆರಂಭಿಸುವ ತನಕ ಕೈಕಟ್ಟಿ ಕೂರುವವನು ಐಸೊಆಕ್ಟೇನ್. ಕಾದವನು ಹೆಚ್ಚು ಉಣ್ಣುತ್ತಾನೆಂದು ಯಾವ ಅಡುಗೆ ಭಟ್ಟರೂ ಹೇಳಿಲ್ಲ. ಹಾಗೆಯೇ ಹೆಚ್ಚು ಆಕ್ಟೇನಿನ ಪೆಟ್ರೋಲಿನಲ್ಲಿ ಹೆಚ್ಚು ಶಕ್ತಿ ತುಂಬಿರುತ್ತದೆಂದು ಯಾವ ರಸಾಯನಶಾಸ್ತ್ರವೂ ಹೇಳುವುದಿಲ್ಲ. ಸಹನೆ ತಪ್ಪಿದ ಆವಿ ಮೂಲೆಯಲ್ಲಿ ತಾನಾಗಿ ಸಿಡಿದಾಗ ಕೇಳುವ ಕಟಕಟ ಸದ್ದೇ ನಾಕಿಂಗ್. ಅದು ಹೆಚ್ಚು ಕಾಲ ಮುಂದುವರಿದರೆ ಪಿಸ್ಟನ್ನಿಗೆ ಕುತ್ತು.

ಎಡ್ಗರನಿಗಿಂತ ಮೊದಲು, 1921ರಲ್ಲಿ, ಜನರಲ್ ಮೋಟರ್ಸಿನ ಥಾಮಸ್ ಮಿಡ್ಗ್ಲಿ ಈ ಕಟಕಟಕ್ಕೆ ಮದ್ದು ಕಂಡುಹಿಡಿದ: ಟೆಟ್ರಾಈಥೈಲ್ ಸೀಸ. ಅದಕ್ಕೂ ಮೊದಲು ಟೆಲ್ಲೂರಿಯಂ ಪ್ರಯತ್ನಿಸಿದ್ದ. ಬಟ್ಟೆಗೂ ಮೈಗೂ ಬೆಳ್ಳುಳ್ಳಿಯಂತಹ ನಾತ ಹಿಡಿದದ್ದರಿಂದ ಆ ದಾರಿ ಬಿಟ್ಟ. ಬೆಳ್ಳುಳ್ಳಿ ನಾತಕ್ಕೆ ಹೆದರಿ ವಿಷವನ್ನು ಅಪ್ಪಿಕೊಂಡ ಪ್ರಸಂಗ ವಿಜ್ಞಾನ ಚರಿತ್ರೆಯಲ್ಲಿ ಅಪರೂಪ. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ನಿಲ್ಲುತ್ತದೆಂಬುದು ಆ ಕಾಲಕ್ಕೇ ತಿಳಿದಿತ್ತು. ಆದರೂ ಗೆದ್ದದ್ದು ಸೀಸ. 1924ರಲ್ಲಿ ಸೀಸದ ಕಾರ್ಖಾನೆಯ ಕೆಲಸಗಾರರು ಸತ್ತಾಗ ಮಿಡ್ಗ್ಲಿ ಪತ್ರಕರ್ತರೆದುರು ಅದೇ ದ್ರವದಲ್ಲಿ ಕೈತೊಳೆದು ತೋರಿಸಿದ. ಜಗತ್ತು ಅದರಿಂದ ಕೈತೊಳೆದುಕೊಳ್ಳಲು 2021 ಬರಬೇಕಾಯಿತು. ಕೊನೆಗೆ ಬಿಟ್ಟ ದೇಶ ಅಲ್ಜೀರಿಯಾ. ಭಾರತದಲ್ಲಿ ಸೀಸರಹಿತ ಪೆಟ್ರೋಲ್ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಬಂತು, 2000ದ ಫೆಬ್ರವರಿಯಲ್ಲಿ ದೇಶಕ್ಕೆಲ್ಲ ಕಡ್ಡಾಯವಾಯಿತು.

4. ಪಂಥಭೇದ

ಹಳೆಯ ಕಾರಿನ ಯಜಮಾನರಲ್ಲಿ ಮೂರು ಪಂಥಗಳಿವೆ.

(ಅ) ಪವರ್ ಪಂಥ. ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲನ್ನೇ ಹಾಕಿಸುವ ಇವರದು ಭಕ್ತಿಮಾರ್ಗ. “ಮುದುಕ ಎಂಜಿನ್ನು, ಒಳ್ಳೇದ್ ಕುಡಿಸೋಣ” ಎಂಬುದು ಮತಸಾರ. ವಯಸ್ಸಾದವರಿಗೆ ಹಾರ್ಲಿಕ್ಸ್ ಕೊಡುವ ಕುಟುಂಬಗಳಲ್ಲಿ ಈ ಪಂಥ ಪ್ರಬಲ. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ಎಕ್ಸ್‌ಪಿ100 ಎಂಬ 100 ಆಕ್ಟೇನಿನ ಪೆಟ್ರೋಲನ್ನು ಲೀಟರಿಗೆ ಸುಮಾರು 160 ರೂಪಾಯಿಗೆ ಹೊರತಂದಾಗ ಈ ಪಂಥಕ್ಕೆ ತನ್ನದೇ ಆದ ಕೈಲಾಸ ದೊರೆಯಿತು. ಅಲ್ಲಿಗೆ ಹೋಗಿಬಂದವರು ಪಿಕಪ್ ಹೆಚ್ಚಿತೆಂದು ಸಾಕ್ಷಿ ನುಡಿಯುತ್ತಾರೆ. ಬಿಲ್ ನೋಡಿದ ಮೇಲೆ ಹಾಗೆನ್ನದೆ ಬೇರೆ ದಾರಿ ಇಲ್ಲ.

(ಆ) ನಾರ್ಮಲ್ ಪಂಥ. ಇವರದು ವೈರಾಗ್ಯಮಾರ್ಗ. “ಎಲ್ಲಾ ಒಂದೇ ಟ್ಯಾಂಕರ್‌ನಲ್ಲಿ ಬರೋದು” ಎಂಬ ಅದ್ವೈತ ವಾಕ್ಯ ಇವರ ಬಾಯಲ್ಲಿ ಸದಾ. ವಾಕ್ಯ ತಪ್ಪು. ಆಚರಣೆ ಸರಿ.

(ಇ) ಬೆರಕೆ ಪಂಥ. ಐನೂರು ರೂಪಾಯಿಗೆ ಅದು, ಐನೂರಕ್ಕೆ ಇದು. ಇವರು ಯಾರ ಮನಸ್ಸನ್ನೂ ನೋಯಿಸಲಾರರು. ಚುನಾವಣೆಯಲ್ಲೂ ಇವರು ಹೀಗೆಯೇ ನಡೆದುಕೊಳ್ಳುತ್ತಾರೆಯೇ ಎಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯ ವಿಷಯ.

ಇವಲ್ಲದೆ ಕ್ಯಾಲಿಫೋರ್ನಿಯಾದಿಂದ ರಜೆಗೆ ಬಂದ ಭಾವಮೈದನ ಪಾಠಾಂತರವೊಂದಿದೆ. “ನಮ್ಮಲ್ಲಿ 87 ಹಾಕ್ತೀವಿ ಭಾವ, ಚೆನ್ನಾಗೇ ಓಡುತ್ತೆ” ಎಂದು ಆತ ಪಟ್ಟುಹಿಡಿಯುತ್ತಾನೆ. ಪಾಠ ಶುದ್ಧವಾಗಿದೆ, ಅನ್ವಯ ಅಶುದ್ಧ. ಅಮೆರಿಕದ ಬಂಕುಗಳು ಎರಡು ಬಗೆಯ ಪರೀಕ್ಷೆಯ ಸರಾಸರಿಯನ್ನು ಬರೆಯುತ್ತವೆ. ಒಂದರಲ್ಲಿ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತದೆ, ಇನ್ನೊಂದರಲ್ಲಿ ಹೆಚ್ಚು ಬಿಸಿಯಲ್ಲಿ 900. ಭಾರತದಲ್ಲಿ ಬರೆಯುವುದು ಮೊದಲನೆಯದನ್ನು ಮಾತ್ರ. ಆದ್ದರಿಂದ ಅಲ್ಲಿನ 87 ನಮ್ಮ 91ರ ಆಸುಪಾಸಿನದು. ಭಾವಮೈದನಿಗೆ ಇದನ್ನು ತಿಳಿಸುವಾಗ ಕಾಫಿ ಕೊಟ್ಟ ಮೇಲೆ ತಿಳಿಸುವುದು ಶಿಷ್ಟಾಚಾರ.

5. ಖಂಡನ ಪ್ರಕರಣ

ಪವರ್ ಪಂಥದ ಖಂಡನೆಗೆ ಕಂಪ್ರೆಷನ್ ಅನುಪಾತವೊಂದೇ ಸಾಕು. ಆವಿಯನ್ನು ಎಷ್ಟು ಪಟ್ಟು ಒತ್ತಲಾಗುತ್ತದೆಂಬ ಲೆಕ್ಕ ಅದು. ಒತ್ತಡ ಹೆಚ್ಚಿದಷ್ಟೂ ಆಕ್ಟೇನ್ ಹೆಚ್ಚು ಬೇಕು. 1489 ಸಿಸಿಯ ಹಳೆಯ ಅಂಬಾಸಡರಿನ ಅನುಪಾತ 7.2. ಪದ್ಮಿನಿಯದು 8ರೊಳಗೆ. 796 ಸಿಸಿಯ ಮಾರುತಿ 800ರದು 9ಕ್ಕೂ ಕೆಳಗೆ. ಇಂದಿನ ಅನೇಕ ಪೆಟ್ರೋಲ್ ಕಾರುಗಳು 10 ದಾಟಿ 12ರವರೆಗೂ ಹೋಗಿವೆ. ಹಳೆಯ ಕಾರುಗಳ ಕಾಲದಲ್ಲಿ ನಮ್ಮ ಸಾಮಾನ್ಯ ಪೆಟ್ರೋಲ್ 87 ಆಕ್ಟೇನಿನದು. ಬಿಎಸ್-2 ಮಾಲಿನ್ಯ ಮಾನದಂಡದ ಕಾಲಕ್ಕೆ ಅದು 88 ಆಯಿತು, ಬಿಎಸ್-3ಕ್ಕೆ 91. ಶೇಕಡಾ 20 ಎಥನಾಲ್ ಬೆರೆತ ಇ20 ಬಂದ ಮೇಲೆ 95 ಆಗಿದೆಯೆಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. 87ರಲ್ಲಿ ಸುಖವಾಗಿ ಬಾಳಿದ ಅಂಬಾಸಡರಿಗೆ ನಾರ್ಮಲ್ ಪೈಪಿನಲ್ಲೇ 95 ಹರಿದುಬರುತ್ತಿರುವಾಗ, ಅದಕ್ಕೂ ಮಿಗಿಲಾದದ್ದನ್ನು ದುಡ್ಡು ಕೊಟ್ಟು ಹುಡುಕುವುದು ಶಾಸ್ತ್ರಸಮ್ಮತವಲ್ಲ.

‘ಹೊಸ ಕಾರಿಗೆ ಒಳ್ಳೆಯದಾಗುವುದು ಹಳೆಯದಕ್ಕೇಕೆ ಆಗದು?’ ಎಂಬ ಪೂರ್ವಪಕ್ಷಕ್ಕೆ ಉತ್ತರ: ಕೆಲವು ಹೊಸ ಕಾರುಗಳಲ್ಲಿ ನಾಕಿಂಗ್ ಆಲಿಸುವ ಸೆನ್ಸರ್ ಇದೆ. ಒಳ್ಳೆಯ ಪೆಟ್ರೋಲ್ ಬಂದರೆ ಕಂಪ್ಯೂಟರ್ ಕಿಡಿಯ ಟೈಮಿಂಗನ್ನು ಮುಂದಕ್ಕೆ ತಳ್ಳಿ ಲಾಭ ಪಡೆಯುತ್ತದೆ. ಪದ್ಮಿನಿಯಲ್ಲಿ ಆ ಕೆಲಸಕ್ಕೆ ಇರುವುದು ಡಿಸ್ಟ್ರಿಬ್ಯೂಟರ್ ಮತ್ತು ಅದನ್ನು ಕೈಯಿಂದ ತಿರುಗಿಸುವ ಮೇಸ್ತ್ರಿ. ಟ್ಯಾಂಕಿಗೆ ಏನು ಬಿತ್ತೆಂದು ಡಿಸ್ಟ್ರಿಬ್ಯೂಟರಿಗೆ ಗೊತ್ತಾಗುವುದಿಲ್ಲ. ಮೇಸ್ತ್ರಿಗೆ ಗೊತ್ತಾದರೂ ಆತ ಬೇರೆ ಬಂಡಿಯ ಕೆಳಗಿದ್ದಾನೆ.

ಭೂಗೋಳದ ಸಾಕ್ಷ್ಯವೂ ನಾರ್ಮಲ್ ಪಂಥದ ಕಡೆಗಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಇಲ್ಲಿ ಗಾಳಿ ತೆಳು, ಸಿಲಿಂಡರಿಗೆ ಸಿಗುವುದೂ ಕಡಿಮೆ, ಹಾಗಾಗಿ ಬೇಕಾದ ಆಕ್ಟೇನೂ ಕಡಿಮೆ. ಪರೀಕ್ಷೆ ನಿಜವಾಗಿ ಎದುರಾಗುವುದು ಬೆಳ್ತಂಗಡಿ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ: ಐದು ಜನ, ಮೇಲೆ ಕ್ಯಾರಿಯರಿನಲ್ಲಿ ಹಲಸಿನಹಣ್ಣು, ಟಾಪ್ ಗೇರ್, ಸೆಕೆ. ಆಗ ಕೇಳುವ ಕಟಕಟಕ್ಕೆ ಮೊದಲ ಮದ್ದು ಗೇರ್ ಇಳಿಸುವುದು. ಇದಕ್ಕೆ ಲೀಟರಿಗೆ ಹೆಚ್ಚುವರಿ ದರವಿಲ್ಲ.

6. ಎಥನಾಲ್ ಪ್ರಕರಣ

ವಿದ್ವಾಂಸರು ಇಷ್ಟು ಹೊತ್ತು ಆಕ್ಟೇನಿನ ಬಾಗಿಲು ಕಾಯುತ್ತಿದ್ದಾಗ ನಿಜವಾದ ಸಮಸ್ಯೆ ಹಿತ್ತಲಿನಿಂದ ಒಳಬಂದಿದೆ. 2023ರ ಫೆಬ್ರವರಿ 6ರಂದು ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಮಿಡ್ಗ್ಲಿಯ ಕಾಲದಲ್ಲಿ ಸೀಸಕ್ಕೆ ಸೋತ ಆಲ್ಕೋಹಾಲ್ ನೂರು ವರ್ಷದ ಮೇಲೆ ಕಬ್ಬಿನ ಗದ್ದೆಯ ಮೂಲಕ ಸಿಂಹಾಸನವೇರಿತು. ಎಥನಾಲಿನ ಸ್ವಂತ ಆಕ್ಟೇನ್ 100ಕ್ಕೂ ಮೇಲೆ. ಆದರೆ ಲೀಟರಿಗೆ ಅದರಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಸಹನೆ ಬೇರೆ, ಬಲ ಬೇರೆ ಎಂಬ ಮೂರನೆಯ ಅಧ್ಯಾಯದ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹಳೆಯ ಕಾರಿನ ತೊಂದರೆಗಳು ಇವು. ಎಥನಾಲ್ ಸುಡಲು ಕಡಿಮೆ ಗಾಳಿ ಸಾಕು. ಕಾರ್ಬೊರೇಟರಿನ ಜೆಟ್ಟಿಗೆ ಅದು ತಿಳಿಯದು, ಹಳೆಯ ಲೆಕ್ಕದಲ್ಲೇ ಕೊಡುತ್ತದೆ, ಮಿಶ್ರಣ ತೆಳುವಾಗುತ್ತದೆ. ಹಳೆಯ ಕಾಲದ ರಬ್ಬರ್ ಪೈಪು, ಡಯಾಫ್ರಾಮು, ಗ್ಯಾಸ್ಕೆಟ್ಟುಗಳು ಎಥನಾಲಿಗೆಂದು ಮಾಡಿದವಲ್ಲ. ಅವು ಉಬ್ಬುತ್ತವೆ, ಬಿರಿಯುತ್ತವೆ. ಎಥನಾಲ್ ನೀರನ್ನು ಹೀರುತ್ತದೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಕಾರಿನ ಟ್ಯಾಂಕಿಗೆ ತುಕ್ಕು. ಹೀಗಾಗಿಯೇ ಎಥನಾಲ್ ಇಲ್ಲದ ಪೆಟ್ರೋಲ್ ಅರಸಿ ದುಬಾರಿ ಪೈಪಿನ ಮುಂದೆ ನಿಲ್ಲುವ ನಾಲ್ಕನೆಯ ಪಂಥವೊಂದು ಈಚೆಗೆ ಹುಟ್ಟಿದೆ. ಇವರ ಕಾರಣ ಗೌರವಾರ್ಹ. ಆದರೆ ಇವರು ಕೊಳ್ಳುತ್ತಿರುವುದು ಆಕ್ಟೇನನ್ನಲ್ಲ, ರಬ್ಬರಿನ ಆಯುಷ್ಯವನ್ನು.

7. ಸಿದ್ಧಾಂತ ಮತ್ತು ಪ್ರಾಯಶ್ಚಿತ್ತ ವಿಧಿ

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದೇನೆಂದರೆ, ನಾಕಿಂಗ್ ಇಲ್ಲದ ಹಳೆಯ ಕಾರಿಗೆ ಹೆಚ್ಚು ಆಕ್ಟೇನ್ ಅನವಶ್ಯಕ. ನಾಕಿಂಗ್ ಇದ್ದರೆ ಅದು ಬಂಕಿನ ದೋಷವಾಗಿರುವುದಕ್ಕಿಂತ ಬಾನೆಟ್ಟಿನ ಕೆಳಗಿನ ದೋಷವಾಗಿರುವ ಸಂಭವ ಹೆಚ್ಚು. ಪ್ರಾಯಶ್ಚಿತ್ತ ಕ್ರಮ ಹೀಗೆ: ಟೈಮಿಂಗ್ ಅಡ್ವಾನ್ಸ್ ಆಗಿದ್ದರೆ ಡಿಸ್ಟ್ರಿಬ್ಯೂಟರನ್ನು ಸರಿಮಾಡಿಸುವುದು, ಪಾಯಿಂಟ್ ಮತ್ತು ಪ್ಲಗ್ಗುಗಳ ಗ್ಯಾಪ್ ನೋಡಿಸುವುದು, ಸಿಲಿಂಡರಿನಲ್ಲಿ ಕಟ್ಟಿದ ಕಾರ್ಬನ್ ತೆಗೆಸುವುದು, ಏಕೆಂದರೆ ಆ ಮಸಿ ಜಾಗ ಆಕ್ರಮಿಸಿ ಕಂಪ್ರೆಷನ್ ಏರಿಸುತ್ತದೆ, ರೇಡಿಯೇಟರ್ ಶುಚಿ ಮಾಡಿಸುವುದು, ಮಿಶ್ರಣ ತೆಳುವಾಗಿದ್ದರೆ ಕಾರ್ಬೊರೇಟರ್ ಟ್ಯೂನ್ ಮಾಡಿಸುವುದು. ಇಷ್ಟೂ ಮಾಡಿದ ಮೇಲೂ ಘಾಟಿಯಲ್ಲಿ ಕಟಕಟ ಎಂದರೆ ಒಂದು ಟ್ಯಾಂಕ್ ದುಬಾರಿ ಪೆಟ್ರೋಲ್ ಹಾಕಿ ನೋಡುವುದು ದೋಷವಲ್ಲ. ಸೀಸ ಹೋದ ಮೇಲೆ ವಾಲ್ವ್ ಸೀಟ್ ಸವೆಯುವ ಭಯವಿದ್ದವರು ಮುಂದಿನ ಎಂಜಿನ್ ರಿಪೇರಿಯಲ್ಲಿ ಗಟ್ಟಿ ಲೋಹದ ಸೀಟ್ ಹಾಕಿಸತಕ್ಕದ್ದು. ಅದಕ್ಕೂ ಆಕ್ಟೇನಿಗೂ ಸಂಬಂಧವಿಲ್ಲ.

ಇಷ್ಟು ಓದಿಯೂ ಪವರ್ ಪಂಥ ಬಿಡಲಾಗದವರಿಗೆ ಶಾಸ್ತ್ರ ಅಡ್ಡಿ ಮಾಡುವುದಿಲ್ಲ. ಪ್ರೀತಿಯ ಖರ್ಚಿಗೆ ಕಂಪ್ರೆಷನ್ ಅನುಪಾತ ಕೇಳುವ ವಾಡಿಕೆ ನಮ್ಮಲ್ಲಿಲ್ಲ. ಆದರೆ ಪ್ರೀತಿಸುವವರಲ್ಲಿ ಒಂದು ಕೋರಿಕೆ: ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಪೆಟ್ರೋಲ್ ಪೈಪನ್ನು ಬೆರಳಿನಿಂದ ಹಿಂಡಿ ನೋಡಿ. ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಪೆಟ್ರೋಲ್ ವಾಸನೆ ಬಂದರೆ ಈ ವಾರವೇ ಎಥನಾಲ್ ತಾಳುವ ಹೊಸ ಪೈಪ್ ಹಾಕಿಸಿ. ಬಿಸಿ ಎಂಜಿನ್ನಿನ ಮೇಲೆ ಸೋರಿದ ಪೆಟ್ರೋಲ್ 91ರದಾದರೂ 100ರದಾದರೂ ಒಂದೇ ಬಗೆಯಲ್ಲಿ ಹೊತ್ತಿಕೊಳ್ಳುತ್ತದೆ.